ದನಿ ಕೇಳುತ್ತದೆ, ಹೆಸರು ನಿಲ್ಲುವುದಿಲ್ಲ: ಪತ್ತೇದಾರಿ ಕಾದಂಬರಿ ಕೇಳಲು ಹೊರಟವರೊಬ್ಬರ ಆತಂಕ

ಪ್ರಶ್ನೆ: ಡಾಕ್ಟರ್ ಅವರಿಗೆ ನಮಸ್ಕಾರ. ನನಗೆ 63 ವರ್ಷ. ತಿಪಟೂರಿನವಳು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ. ಹೋದ ವರ್ಷ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಬಾಕಿ ಇದೆ. ಪುಸ್ತಕ ಹಿಡಿದರೆ ಇಪ್ಪತ್ತು ನಿಮಿಷಕ್ಕೆಲ್ಲ ಕಣ್ಣು ಸೋಲುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಮಗ ನನ್ನ ಮೊಬೈಲಿಗೆ ಷರ್ಲಾಕ್ ಹೋಮ್ಸನ ಮೊದಲ ಕಾದಂಬರಿ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ನ ಆಡಿಯೋ ಬುಕ್ ಹಾಕಿಕೊಟ್ಟ. ‘ಚಿಕ್ಕದಮ್ಮ, ಐದು ಗಂಟೆಯೊಳಗೆ ಮುಗಿಯುತ್ತೆ’ ಅಂದ. ಎರಡು ತಿಂಗಳಾಯಿತು. ಮೂರು ಸಲ ಶುರು ಮಾಡಿ ಮೂರು ಸಲವೂ ಕೈಬಿಟ್ಟಿದ್ದೇನೆ.

ಖಾಲಿ ಮನೆ, ಅಲ್ಲಿ ಬಿದ್ದಿದ್ದ ಹೆಣ, ಗೋಡೆಯ ಮೇಲೆ ರಕ್ತದಲ್ಲಿ ಬರೆದ ಅಕ್ಷರ, ಹೆಣ ಎತ್ತುವಾಗ ಟಿಣ್ ಎಂದು ಬಿದ್ದ ಉಂಗುರ, ಇವೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಹೆಸರು ನಿಲ್ಲುವುದಿಲ್ಲ. ಸತ್ತವನು ಒಮ್ಮೆ ಡ್ರೆಬರ್, ಒಮ್ಮೆ ಗ್ರೆವರ್. ಗ್ರೆಗ್ಸನ್ ಯಾರು, ಸ್ಟ್ಯಾಂಗರ್ಸನ್ ಯಾರು, ತಲೆ ಕೆಡುತ್ತದೆ. ರಾತ್ರಿ ಹಾಸಿಗೆಯಲ್ಲಿ ಕೇಳುತ್ತಾ ನಿದ್ದೆ ಹೋಗುತ್ತೇನೆ, ಎಚ್ಚರಾದಾಗ ಕಥೆ ಎಲ್ಲೋ ಹೋಗಿರುತ್ತದೆ. ಕಳೆದ ವಾರವಂತೂ ಅವರೆಕಾಳು ಹಿದುಕುತ್ತಾ ಕೇಳುತ್ತಿದ್ದೆ. ಕುಕ್ಕರ್ ಇಳಿಸಿ ಬರುವಷ್ಟರಲ್ಲಿ ಲಂಡನ್ ಹೋಗಿ ಯಾವುದೋ ಮರುಭೂಮಿ ಬಂದಿತ್ತು. ಮಗ ತಪ್ಪು ಫೈಲ್ ಹಾಕಿದ್ದಾನೆ ಎಂದು ಫೋನ್ ಮಾಡಿ ಬೈದೆ. ‘ಅದೇ ಕಥೆ ಅಮ್ಮ’ ಅಂದ. ಅವತ್ತು ನನಗೆ ನಿದ್ದೆ ಬರಲಿಲ್ಲ. ನಮ್ಮತ್ತೆಯವರನ್ನು ಮರೆವಿನ ಕಾಯಿಲೆಯಲ್ಲಿ ಆರು ವರ್ಷ ನೋಡಿಕೊಂಡವಳು ನಾನು. ನನಗೂ ಅದೇ ಶುರುವಾಯಿತೇ? ನಾದಿನಿ ಬೇರೆ, ‘ಇಯರ್‌ಫೋನ್ ಹಾಕಿ ಕಿವಿ ಕೆಡಿಸ್ಕೋಬೇಡ, ಕೇಳೋದು ಓದಿದ ಹಾಗಾಗುತ್ತಾ’ ಎನ್ನುತ್ತಾಳೆ. ಬಿಟ್ಟುಬಿಡಲೇ?

ಉತ್ತರ: ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದೂರುಗಳು ಹಲವು ಇದ್ದರೂ ಭಯ ಒಂದೇ, ನೆನಪು ಹೋಗುತ್ತಿದೆಯೇ ಎಂಬುದು. ಆರು ವರ್ಷ ಆ ಕಾಯಿಲೆಯನ್ನು ಪಕ್ಕದಲ್ಲಿ ಕೂತು ನೋಡಿದವರಿಗೆ ಒಂದು ಹೆಸರು ತಪ್ಪಿದರೂ ಎದೆ ಧಸಕ್ಕೆನ್ನುತ್ತದೆ. ಆದ್ದರಿಂದ ಮೊದಲು ಆ ಮಾತನ್ನೇ ತೆಗೆದುಕೊಳ್ಳುತ್ತೇನೆ. ನೀವು ಬರೆದದ್ದನ್ನು ನೋಡಿದರೆ ನಿಮ್ಮ ನೆನಪಿನ ಮೇಲೆ ನನಗೆ ಅನುಮಾನ ಬರುವುದಿಲ್ಲ. ನನ್ನ ಅನುಮಾನವಿರುವುದು ನಿಮ್ಮ ಕಿವಿಯ ಮೇಲೆ, ಸ್ವಲ್ಪ ಮಟ್ಟಿಗೆ ಆ ಪುಸ್ತಕದ ಮೇಲೆ, ಇನ್ನು ಸ್ವಲ್ಪ ನಿಮ್ಮ ಹಾಸಿಗೆಯ ಮೇಲೆ.

ಯಾಕೆಂದು ಹೇಳುತ್ತೇನೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಶ್ರವಣ ಪರೀಕ್ಷೆ ಮಾಡುತ್ತಾ ಬಂದವಳು ನಾನು. ಮರೆವಿನ ಕಾಯಿಲೆಯ ಆರಂಭದಲ್ಲಿ ಘಟನೆಗಳೇ ಅಳಿಸಿಹೋಗುತ್ತವೆ. ‘ನಿನ್ನೆ ಒಂದು ಕಥೆ ಕೇಳಿದೆ’ ಎಂಬುದೇ ಮರೆತುಹೋಗುತ್ತದೆ. ನಿಮಗೆ ಖಾಲಿ ಮನೆ ನೆನಪಿದೆ, ಉಂಗುರ ಬಿದ್ದ ಸದ್ದೂ ನೆನಪಿದೆ. ಎರಡು ತಿಂಗಳ ಹಿಂದೆ ಮಗ ಆಡಿದ ಮಾತನ್ನು ಅವನ ಬಾಯಿಂದಲೇ ಬಂದ ಹಾಗೆ ಬರೆದಿದ್ದೀರಿ. ತಪ್ಪುತ್ತಿರುವುದು ಹೆಸರು ಮಾತ್ರ. ಆ ತಪ್ಪಿಗೂ ಒಂದು ಕ್ರಮವಿದೆ. ಡ್ರೆಬರ್ ನಿಮಗೆ ಗ್ರೆವರ್ ಆಗಿ ಕೇಳಿಸಿತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಸ್ವರಗಳು ಅವೇ, ಎ ಮತ್ತು ಅ. ಪದದ ಉದ್ದ ಅಷ್ಟೇ, ಏರಿಳಿತವೂ ಅದೇ. ಬದಲಾಗಿರುವುದು ವ್ಯಂಜನ ಮಾತ್ರ: ಡಕಾರದ ಜಾಗದಲ್ಲಿ ಗಕಾರ, ಬಕಾರದ ಜಾಗದಲ್ಲಿ ವಕಾರ. ಮರೆತ ಹೆಸರು ಸಾಮಾನ್ಯವಾಗಿ ಹೀಗೆ ಬದಲಾಗುವುದಿಲ್ಲ, ನಾಲಿಗೆಗೆ ಬರುವುದೇ ಕಷ್ಟವಾಗುತ್ತದೆ. ಸರಿಯಾಗಿ ಕಿವಿಗೆ ಬೀಳದ ಹೆಸರು ಹೀಗೆ ಬದಲಾಗುತ್ತದೆ.

ನಮ್ಮ ಕ್ಲಿನಿಕ್ಕಿಗೆ ಬರುವ ಅರವತ್ತು ದಾಟಿದವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳುವ ವಾಕ್ಯ ‘ಕೇಳ್ಸುತ್ತೆ, ಗೊತ್ತಾಗಲ್ಲ’ ಎಂಬುದು. ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು ಇನ್ನೂ ಚೆನ್ನಾಗಿ ಹೇಳಿದ್ದರು: ‘ದನಿ ಬರುತ್ತೆ, ಮಾತು ಬರಲ್ಲ.’ ವೈದ್ಯಪುಸ್ತಕ ಅರ್ಧ ಪುಟದಲ್ಲಿ ಹೇಳುವುದನ್ನು ಅವರು ನಾಲ್ಕು ಪದದಲ್ಲಿ ಹೇಳಿದರು. ವಯಸ್ಸಾದಂತೆ ಕಿವಿಯೊಳಗಿನ ಶಂಖದಂಥ ಅಂಗದಲ್ಲಿರುವ ರೋಮಕೋಶಗಳು ಸವೆಯುತ್ತವೆ. ಸವೆತ ಶುರುವಾಗುವುದು ಕೀರಲು ದನಿಗಳನ್ನು, ಅಂದರೆ ಎತ್ತರದ ಸ್ಥಾಯಿಯನ್ನು ಹಿಡಿಯುವ ಕಡೆಯಿಂದ. ಅ, ಆ, ಎ, ಓ ಇಂಥ ಸ್ವರಗಳಿಗೆ ತೂಕ ಜಾಸ್ತಿ, ಅವು ಕೆಳಸ್ಥಾಯಿಯಲ್ಲಿ ತುಂಬಿಕೊಂಡು ಬರುತ್ತವೆ. ಸ, ಶ, ಫ, ತ, ಕ ಮೊದಲಾದ ವ್ಯಂಜನಗಳ ಗುರುತು ಹೆಚ್ಚಾಗಿ ಇರುವುದು ದನಿಯ ಎತ್ತರದ ಅಳತೆಯಲ್ಲಿ 2000ದಿಂದ 8000 ಹರ್ಟ್ಸ್‌ವರೆಗಿನ ಜಾಗದಲ್ಲಿ, ಅದೂ ಬಹಳ ಮೆಲ್ಲಗೆ. ಮಾತಿನ ಸದ್ದು ಸ್ವರದಲ್ಲಿದೆ, ಅರ್ಥ ಬಹುಪಾಲು ವ್ಯಂಜನದಲ್ಲಿದೆ. ಹಾಗಾಗಿ ದನಿ ಬರುತ್ತದೆ, ಮಾತು ಬರುವುದಿಲ್ಲ.

ಮನೆಯಲ್ಲಿ ಕನ್ನಡ ಮಾತಾಡುವಾಗ ಈ ಕೊರತೆ ಗೊತ್ತೇ ಆಗುವುದಿಲ್ಲ. ಅರವತ್ತು ವರ್ಷದ ಅಭ್ಯಾಸ ಬಿಟ್ಟ ಸ್ಥಳ ತುಂಬಿಕೊಳ್ಳುತ್ತದೆ. ‘ಕಾಫಿ ಆರೋಗ್ತಿದೆ’ ಎಂಬುದರಲ್ಲಿ ಫಕಾರ ಕೇಳದಿದ್ದರೂ ಕಾಫಿಯೇ ಎಂದು ಮನಸ್ಸು ತಿಳಿಯುತ್ತದೆ. ಎನಾಕ್ ಡ್ರೆಬರ್ ಎಂಬ ಹೆಸರನ್ನು ತುಂಬಿಕೊಳ್ಳಲು ಮನಸ್ಸಿನಲ್ಲಿ ಏನಿದೆ? ಏನೂ ಇಲ್ಲ. ಹೊಸ ಹೆಸರೆಂದರೆ ಕಿವಿ ಒಂಟಿಯಾಗಿ ಮಾಡಬೇಕಾದ ಕೆಲಸ.

ಹಾಗಾದರೆ ಕಿವಿಯೋ, ಇಂಗ್ಲಿಷೋ, ಗಮನವೋ? ಮನೆಯಲ್ಲೇ ಅರ್ಧ ಗಂಟೆಯಲ್ಲಿ ಒಂದು ಅಂದಾಜಿಗೆ ಬರಬಹುದು. ಮನೆಯವರೊಬ್ಬರನ್ನು ನಿಮ್ಮ ಬೆನ್ನ ಹಿಂದೆ ಆರೇಳು ಅಡಿ ದೂರದಲ್ಲಿ ನಿಲ್ಲಿಸಿ. ಫ್ಯಾನ್ ಆರಿಸಿ. ಸಾಲು, ಹಾಲು, ಕಾಲು, ಪಾಲು, ಈ ನಾಲ್ಕು ಪದಗಳನ್ನು ಹಿಂದೆಮುಂದೆ ಮಾಡಿ, ಮಾಮೂಲಿ ದನಿಯಲ್ಲಿ ಇಪ್ಪತ್ತು ಸಲ ಹೇಳಲಿ. ನೀವು ಕೇಳಿದ್ದನ್ನು ಬರೆಯುತ್ತಾ ಹೋಗಿ. ಆಮೇಲೆ ಫ್ಯಾನ್ ಹಾಕಿಕೊಂಡು ಇನ್ನೊಮ್ಮೆ. ಸದ್ದಿಲ್ಲದಾಗಲೇ ನಾಲ್ಕೈದು ತಪ್ಪಿದರೆ, ಅಥವಾ ಫ್ಯಾನ್ ಹಾಕಿದೊಡನೆ ತಪ್ಪುಗಳು ದುಪ್ಪಟ್ಟಾದರೆ, ಕಿವಿಯನ್ನು ತೋರಿಸಲೇಬೇಕು. ಎರಡರಲ್ಲೂ ಸರಿಯಾಗಿ ಬರೆದಿರಿ, ಆದರೂ ಇಂಗ್ಲಿಷ್ ಹೆಸರು ಮಾತ್ರ ಕಲಸಿಹೋಗುತ್ತದೆ ಎಂದಾದರೆ ತೊಂದರೆ ಉಚ್ಚಾರಣೆಯದು. ಹೆಸರೂ ಸ್ಪಷ್ಟ, ಮಾತೂ ಸ್ಪಷ್ಟ, ಹತ್ತು ನಿಮಿಷವಾದಮೇಲೆ ಕಥೆ ಮಾತ್ರ ಇಲ್ಲ ಎಂದಾದರೆ ಅದು ಗಮನದ ಮಾತು. ಇದು ಪರೀಕ್ಷೆಗೆ ಬದಲಿಯಲ್ಲ, ಯಾವ ಬಾಗಿಲು ತಟ್ಟಬೇಕು ಎಂದು ತಿಳಿಯಲು ಅಷ್ಟೆ.

ಉಚ್ಚಾರಣೆಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಅಲ್ಲಿ ನಿಮ್ಮದೇನೂ ತಪ್ಪಿಲ್ಲ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತದೆ. ಇಂಗ್ಲಿಷಿನವರು ಪದದ ಒಂದು ಕಡೆ ಒತ್ತು ಕೊಟ್ಟು ಉಳಿದದ್ದನ್ನು ತೇಲಿಸಿಬಿಡುತ್ತಾರೆ. ಬ್ರಿಟಿಷ್ ಓದುಗರಾದರೆ ಪದದ ಕೊನೆಯ ರಕಾರವನ್ನೂ ನುಂಗುತ್ತಾರೆ. ಅವರ ಬಾಯಲ್ಲಿ ಡ್ರೆಬರ್ ‘ಡ್ರೆಬ’ ಆಗುತ್ತಾನೆ, ಸ್ಟ್ಯಾಂಗರ್ಸನ್ ‘ಸ್ಟ್ಯಾಂಗಸನ್’ ಆಗುತ್ತಾನೆ. ಪೊಲೀಸ್ ಅಧಿಕಾರಿ ಗ್ರೆಗ್ಸನ್, ಸತ್ತವನ ಕಾರ್ಯದರ್ಶಿ ಸ್ಟ್ಯಾಂಗರ್ಸನ್, ಇಬ್ಬರ ಹೆಸರಿಗೂ ಬಾಲ ಒಂದೇ. ಮೊದಲರ್ಧ ಕೈತಪ್ಪಿದರೆ ಉಳಿಯುವುದು ‘ಸನ್’ ಮಾತ್ರ. ಯಾರು ಹಿಡಿಯುವವನು, ಯಾರು ಹುಡುಕಬೇಕಾದವನು ಎಂದು ಯಾರಿಗಾದರೂ ಗೊಂದಲವಾದೀತು.

ಇನ್ನೊಂದು ಸೂಕ್ಷ್ಮವಿದೆ, ಅದನ್ನು ನನಗೆ ತೋರಿಸಿಕೊಟ್ಟವರು ನನ್ನ ರೋಗಿಗಳೇ. ಕನ್ನಡ ಕಥೆ ಕೇಳುವಾಗ ನಮಗೆ ವಾಕ್ಯದ ಕೊನೆಯಲ್ಲಿ ಒಂದು ಆಸರೆ ಸಿಗುತ್ತದೆ. ‘ಅಂದಳು’ ಎಂದರೆ ಹೆಂಗಸು, ‘ಅಂದ’ ಎಂದರೆ ಗಂಡಸು, ‘ಅಂದರು’ ಎಂದರೆ ಹಿರಿಯರೋ ಹಲವರೋ. ಮಾತು ಯಾರದೆಂದು ಕ್ರಿಯಾಪದವೇ ಹೇಳಿಬಿಡುತ್ತದೆ. ಇಂಗ್ಲಿಷಿನ ‘ಸೆಡ್’ ಯಾರನ್ನೂ ತೋರಿಸುವುದಿಲ್ಲ; ಅದರ ಪಕ್ಕದ ‘ಹಿ’, ‘ಷಿ’ ಕಾಲು ಸೆಕೆಂಡಿನಲ್ಲಿ ಜಾರಿಹೋಗುತ್ತವೆ. ಬೇಕರ್ ಬೀದಿಯ ತಮ್ಮ ಕೋಣೆಯಲ್ಲಿ ಹೋಮ್ಸ್, ನಮಗೆ ಕಥೆ ಹೇಳುವ ಅವನ ಗೆಳೆಯ ವಾಟ್ಸನ್, ಪೊಲೀಸರಾದ ಗ್ರೆಗ್ಸನ್, ಲೆಸ್ಟ್ರೇಡ್ ನಾಲ್ವರೂ ಮಾತಿಗೆ ಕೂತಾಗ ನಾವು ಅಭ್ಯಾಸಬಲದಿಂದ ವಾಕ್ಯದ ಕೊನೆಗೆ ಕಾಯುತ್ತೇವೆ, ಅಲ್ಲಿ ಏನೂ ಇರುವುದಿಲ್ಲ.

ಪುಸ್ತಕದ ಮೇಲೂ ಅನುಮಾನ ಎಂದೆನಲ್ಲ. ಆರ್ಥರ್ ಕಾನನ್ ಡಾಯ್ಲ್ ಇದನ್ನು ಕಣ್ಣಿಗಾಗಿ ಬರೆದವರು. 1887ರಲ್ಲಿ ‘ಬೀಟನ್ಸ್ ಕ್ರಿಸ್‌ಮಸ್ ಆನ್ಯುಯಲ್’ ಎಂಬ ವಾರ್ಷಿಕ ಸಂಚಿಕೆಯಲ್ಲಿ ಇದು ಅಚ್ಚಾಯಿತು. ಹಕ್ಕನ್ನು ಅವರು 25 ಪೌಂಡಿಗೆ ಮಾರಿಬಿಟ್ಟಿದ್ದರು. ಆಗ ಅವರು ಪೋರ್ಟ್ಸ್‌ಮತ್ತಿನ ಸೌತ್‌ಸೀಯಲ್ಲಿ ವೈದ್ಯರು. ಮುಂದೆ ಕಣ್ಣಿನ ವೈದ್ಯರಾಗಲು 1891ರಲ್ಲಿ ಲಂಡನ್ನಿಗೆ ಹೋದರು ಎಂಬುದನ್ನು ನಿಮ್ಮ ಪೊರೆಯ ಸುದ್ದಿ ಓದಿದಾಗ ನೆನಪಿಸಿಕೊಂಡೆ. ಅವರ ಕಥೆಯ ಸುಳಿವುಗಳು ಅಚ್ಚಿನ ಮೇಲೆ ನಿಂತಿವೆ. ಗೋಡೆಯ ಮೇಲಿನ ಬರಹವನ್ನೇ ತೆಗೆದುಕೊಳ್ಳಿ. ಅಲ್ಲಿರುವುದು ಐದು ಅಕ್ಷರ: ಆರ್, ಎ, ಸಿ, ಎಚ್, ಇ. ಲೆಸ್ಟ್ರೇಡ್ ಹೇಳುತ್ತಾನೆ, ಯಾರೋ ರೇಚಲ್ ಎಂಬ ಹೆಣ್ಣಿನ ಹೆಸರು ಬರೆಯಲು ಹೋಗಿ ಅರ್ಧಕ್ಕೆ ಬಿಟ್ಟಿದ್ದಾರೆ ಎಂದು. ಹೋಮ್ಸ್ ಹೇಳುತ್ತಾನೆ, ಅದು ಜರ್ಮನ್ ಪದ, ಅರ್ಥ ಸೇಡು. ಪುಟದಲ್ಲಿ ನೋಡುವವರಿಗೆ ಲೆಸ್ಟ್ರೇಡನ ಊಹೆ ಸಹಜ. ರೇಚಲ್ ಎಂಬ ಹೆಸರಿನ ಮೊದಲ ಐದು ಅಕ್ಷರ ಅವೇ. ಕಿವಿಗೆ ಬೀಳುವುದು ಮಾತ್ರ ಬೇರೆ. ಜರ್ಮನ್ ಪದ ‘ರಾಖ’ದ ಹಾಗೆ ಕೇಳಿಸುತ್ತದೆ, ಹೆಣ್ಣಿನ ಹೆಸರು ‘ರೇಚಲ್’. ಎರಡಕ್ಕೂ ಏನು ಸಂಬಂಧ ಎಂದು ಕೇಳುಗರಿಗೆ ಅನಿಸುವುದು ನ್ಯಾಯವೇ. ಆ ಐದು ಅಕ್ಷರಗಳನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಇಂಗ್ಲಿಷಿನಲ್ಲಿ ಬರೆದುಕೊಂಡು ಮೂರನೆಯ ಅಧ್ಯಾಯ ಕೇಳಿ ನೋಡಿ, ಇಡೀ ದೃಶ್ಯ ತಿಳಿಯಾಗುತ್ತದೆ.

ಮರುಭೂಮಿಯ ಕಥೆಗೆ ಬರೋಣ. ಮೇಡಂ, ನಿಮ್ಮ ಮಗ ತಪ್ಪು ಫೈಲ್ ಹಾಕಿಲ್ಲ, ನೀವೂ ತಪ್ಪು ಕೇಳಿಲ್ಲ. ಅಚ್ಚಿನಲ್ಲಿ ಓದಿದವರೂ ಅಲ್ಲಿ ಬೆಚ್ಚಿಬೀಳುತ್ತಾರೆ. ಕಾದಂಬರಿಯಲ್ಲಿ ಎರಡು ಭಾಗ, ಒಂದೊಂದರಲ್ಲಿ ಏಳು ಅಧ್ಯಾಯ. ಏಳನೆಯ ಅಧ್ಯಾಯದ ಕೊನೆಯಲ್ಲಿ ಬೇಕರ್ ಬೀದಿಯಲ್ಲೇ ಕೊಲೆಗಾರನ ಕೈಗೆ ಕೋಳ ಬೀಳುತ್ತದೆ. ಮರುಕ್ಷಣ ಡಾಯ್ಲ್ ವಾಟ್ಸನ್‌ರನ್ನು ಬಿಟ್ಟು, ಲಂಡನ್ನನ್ನೂ ಬಿಟ್ಟು, 1847ರ ಮೇ 4ನೇ ತಾರೀಖಿಗೆ, ಅಮೆರಿಕದ ಒಣ ಬಯಲಿನಲ್ಲಿ ನೀರಿಲ್ಲದೆ ಸಾಯುತ್ತಿರುವ ಒಬ್ಬ ಮನುಷ್ಯನ ಬಳಿಗೆ ನಮ್ಮನ್ನು ಕರೆದೊಯ್ಯುತ್ತಾರೆ. ಅಲ್ಲಿ ‘ನಾನು’ ಎನ್ನುವವರೇ ಇಲ್ಲ. ಪುಸ್ತಕದಲ್ಲಾದರೆ ‘ಎರಡನೆಯ ಭಾಗ’ ಎಂಬ ದೊಡ್ಡ ಶೀರ್ಷಿಕೆ, ಹೊಸ ಪುಟ, ಮತ್ತೆ ಒಂದರಿಂದ ಶುರುವಾಗುವ ಅಧ್ಯಾಯದ ಅಂಕಿ, ಮೂರೂ ಸೇರಿ ‘ಇಲ್ಲಿ ದಾರಿ ತಿರುಗುತ್ತದೆ’ ಎಂದು ಕಣ್ಣಿಗೆ ಹೇಳುತ್ತವೆ. ಆಡಿಯೋದಲ್ಲಿ ಇದೆಲ್ಲಕ್ಕೂ ಬದಲಾಗಿ ಮೂರು ಸೆಕೆಂಡಿನ ಒಂದು ವಾಕ್ಯ, ಅದೇ ದನಿಯಲ್ಲಿ. ಆ ಮೂರು ಸೆಕೆಂಡು ನೀವು ಕುಕ್ಕರ್ ಇಳಿಸುತ್ತಿದ್ದಿರಿ.

ನಿಮ್ಮ ಆ್ಯಪ್‌ನಲ್ಲಿ ಅಧ್ಯಾಯಕ್ಕೊಂದು ಟ್ರ್ಯಾಕ್ ಇದ್ದರೆ 8ರಿಂದ 12ರವರೆಗೆ ಅಮೆರಿಕದ ಕಥೆ. 13ರಲ್ಲಿ ವಾಟ್ಸನ್ ಮರಳಿ ಬರುತ್ತಾರೆ, 14ಕ್ಕೆ ಮುಗಿಯುತ್ತದೆ. ಆ ಐದು ಟ್ರ್ಯಾಕ್‌ಗಳನ್ನು ಒಂದು ಪ್ರತ್ಯೇಕ ಸಣ್ಣ ಕಥೆಯೆಂದೇ ಕೇಳಿ. ಲಂಡನ್ನಿನಲ್ಲಿ ಕೇಳಿದ ಎರಡು ಹೆಸರು ಆ ಬಯಲಿನಲ್ಲಿ ಮತ್ತೆ ಕೇಳಿಬರುತ್ತವೆ. ಅವನ್ನು ಹಿಡಿದುಕೊಂಡರೆ ಸಾಕು, ಇದೆಲ್ಲ ಯಾಕೆ ಬಂತು ಎಂದು ತಾನಾಗಿ ತಿಳಿಯುತ್ತದೆ. ನೀವು ಸಮಾಜ ವಿಜ್ಞಾನ ಕಲಿಸಿದವರಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಈ ಭಾಗದಲ್ಲಿ ಬರುವ ಮಾರ್ಮನ್ನರು ಅಮೆರಿಕದ ಒಂದು ಧಾರ್ಮಿಕ ಪಂಥದವರು. ಬ್ರಿಗಂ ಯಂಗ್ ಮುಂದಾಳತ್ವದಲ್ಲಿ ಅವರು 1847ರ ಜುಲೈನಲ್ಲಿ ಯೂಟಾದ ಸಾಲ್ಟ್ ಲೇಕ್ ಕಣಿವೆ ತಲುಪಿದ್ದು ನಿಜವಾದ ಇತಿಹಾಸ. ಆದರೆ ಆ ಸಮುದಾಯವನ್ನು ಕಾದಂಬರಿ ತೋರಿಸುವ ಬಗೆ ಆ ಕಾಲದ ಇಂಗ್ಲೆಂಡಿನ ಪೂರ್ವಗ್ರಹದ್ದು. ಅದನ್ನು ಕಥೆಯಾಗಿ ಕೇಳಿ, ಪಾಠವಾಗಿ ಬೇಡ.

ಇನ್ನು ನಿಮ್ಮ ನಾದಿನಿಯವರ ಎರಡು ಮಾತು. ಕೇಳುವುದು ಓದಿದ ಹಾಗಾಗುವುದಿಲ್ಲ ಎಂಬುದು ಬಹಳ ಜನರ ನಂಬಿಕೆ. 2016ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ ಒಂದೇ ಬರಹವನ್ನು ಕೆಲವರು ಓದಿದರು, ಕೆಲವರು ಕೇಳಿದರು, ಕೆಲವರು ಎರಡನ್ನೂ ಒಟ್ಟಿಗೆ ಮಾಡಿದರು. ಎಷ್ಟು ಅರ್ಥವಾಯಿತು ಎಂದು ನೋಡಿದಾಗ ಮೂರು ಗುಂಪಿನ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಮಿದುಳಿನ ಚಿತ್ರ ತೆಗೆದು ನೋಡಿದಾಗಲೂ ಓದಿದ ಕಥೆಯ ಅರ್ಥ, ಕೇಳಿದ ಕಥೆಯ ಅರ್ಥ ಹೆಚ್ಚುಕಮ್ಮಿ ಒಂದೇ ಜಾಗಗಳಲ್ಲಿ ಮೂಡುತ್ತಿದ್ದವು. ನಮ್ಮ ನಾಡಿನವರಿಗೆ ಇದು ಹೊಸತೇ? ಅಕ್ಷರ ಬಾರದವರೂ ಗಮಕಿಗಳ ಬಾಯಿಂದ ಕುಮಾರವ್ಯಾಸ ಭಾರತ ಕೇಳಿ ಪದ್ಯಗಳನ್ನು ಬಾಯಿಪಾಠ ಹೇಳುತ್ತಿದ್ದರು. ಆದರೆ ಗಮಕದಲ್ಲಿ ಒಬ್ಬರು ವಾಚಿಸಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಬಿಡಿಸಿ ಹೇಳುತ್ತಾರೆ. ಆ ನಿಲುಗಡೆ ನಿಮ್ಮ ಮೊಬೈಲಿನಲ್ಲಿಲ್ಲ. 2013ರಲ್ಲಿ ಕೆನಡಾದಲ್ಲಿ ನಡೆದ ಇನ್ನೊಂದು ಅಧ್ಯಯನ ಈ ಕಡೆಯ ಸತ್ಯವನ್ನು ತೋರಿಸಿತು: ಸುಮ್ಮನೆ ಕೇಳುವಾಗ ಮನಸ್ಸು ಅಲೆಯುವುದು ಓದುವಾಗಿನದಕ್ಕಿಂತ ಹೆಚ್ಚು. ಓದುವಾಗ ಮನಸ್ಸು ಅಲೆದರೆ ಕಣ್ಣು ನಿಲ್ಲುತ್ತದೆ, ನಾವು ಮೇಲಿನ ಸಾಲಿಗೆ ಹೋಗುತ್ತೇವೆ. ಕೇಳುವಾಗ ಓದುತ್ತಿರುವವರು ನಮಗಾಗಿ ನಿಲ್ಲುವುದಿಲ್ಲ. ಬೇರೆ ಕಥೆಯಲ್ಲಿ ಎರಡು ನಿಮಿಷ ತಪ್ಪಿದರೆ ಪರವಾಗಿಲ್ಲ. ಪತ್ತೇದಾರಿ ಕಥೆಯಲ್ಲಿ ಆ ಎರಡು ನಿಮಿಷದಲ್ಲೇ ಉಂಗುರ ಬಿದ್ದಿರುತ್ತದೆ.

ನಾದಿನಿಯವರಿಗೆ ಇದನ್ನೂ ಹೇಳಿ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬ್ರಿಟನ್ನಿನ ಅಂಧರ ಸಂಸ್ಥೆ 1935ರ ನವೆಂಬರಿನಲ್ಲಿ ‘ಮಾತಾಡುವ ಪುಸ್ತಕ’ಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಕೊಡಲು ಶುರುಮಾಡಿತು. ಮೊದಲಿಗೆ ಬಂದ ಪುಸ್ತಕಗಳಲ್ಲೇ ಒಂದು ಅಗಾಥಾ ಕ್ರಿಸ್ಟಿಯವರ ‘ದಿ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್’. ಬ್ರಿಟಿಷ್ ಪತ್ತೇದಾರಿ ಕಾದಂಬರಿಯನ್ನು ಕಿವಿಯಿಂದ ಓದುವುದು ಮೊಬೈಲಿನ ಕಾಲದ ಸೋಮಾರಿತನವಲ್ಲ. ಕಣ್ಣು ಸೋತವರಿಗಾಗಿಯೇ ಹುಟ್ಟಿದ ಏರ್ಪಾಡು. ಒಂದು ತಟ್ಟೆಯ ಒಂದು ಬದಿಯಲ್ಲಿ ಸುಮಾರು 25 ನಿಮಿಷ ಮಾತ್ರ ಹಿಡಿಯುತ್ತಿತ್ತು. ಅಷ್ಟಕ್ಕೆ ಎದ್ದು ತಟ್ಟೆ ಮಗುಚಬೇಕು. ಆ ಅಳತೆ ಕಿವಿಗೆ ಹಿತವಾದದ್ದು ಎಂದು ನನ್ನ ಅನುಭವವೂ ಹೇಳುತ್ತದೆ.

ಇಯರ್‌ಫೋನಿನಿಂದ ಕಿವಿ ಕೆಡುತ್ತದೆ ಎಂಬುದರಲ್ಲಿ ಅರ್ಧ ಸತ್ಯವಿದೆ. ಕೆಡಿಸುವುದು ಇಯರ್‌ಫೋನ್ ಅಲ್ಲ, ಸದ್ದಿನ ಮಟ್ಟ ಮತ್ತು ಕೇಳುವ ಹೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ನಿಮ್ಮ ಐದು ಗಂಟೆಯ ಪುಸ್ತಕ ಹದವಾದ ಸದ್ದಿನಲ್ಲಿ ಏನೂ ಮಾಡದು. ಅಪಾಯ ಬರುವುದು ವ್ಯಂಜನ ಕೇಳಿಸದೆ ವಾಲ್ಯೂಮ್ ಏರಿಸುತ್ತಾ ಹೋದಾಗ. ಏರಿಸಿದರೆ ಸ್ವರಗಳು ಭೋರ್ಗರೆಯುತ್ತವೆ, ವ್ಯಂಜನ ಅಷ್ಟೇನೂ ಸ್ಪಷ್ಟವಾಗದು, ಮತ್ತೆ ಏರಿಸುತ್ತೇವೆ. ವಾಲ್ಯೂಮ್ ಅರ್ಧಕ್ಕಿಂತ ಸ್ವಲ್ಪ ಮೇಲಿಟ್ಟು, ಎರಡೂ ಕಿವಿಗೆ ಹಾಕಿಕೊಂಡು, ಸದ್ದಿಲ್ಲದ ಕೋಣೆಯಲ್ಲಿ ಕೂತರೂ ಮಾತು ಹಿಡಿಯದಿದ್ದರೆ, ಇನ್ನೂ ಏರಿಸುವುದು ದಾರಿಯಲ್ಲ.

ನಿದ್ದೆಯ ವಿಚಾರ ಬೇಗ ಮುಗಿಸುತ್ತೇನೆ. ನಿದ್ದೆಗೆ ಜಾರುವ ಮುಂಚಿನ ಕೆಲವು ನಿಮಿಷಗಳಲ್ಲಿ ಕೇಳಿದ್ದು ಯಾರಿಗೂ ನೆನಪಿನಲ್ಲಿ ಸರಿಯಾಗಿ ಕೂರುವುದಿಲ್ಲ, ಇಪ್ಪತ್ತರ ಹುಡುಗರಿಗೂ. ಆಗ ಎಚ್ಚರವಾಗಿಯೇ ಇದ್ದೆ ಎಂದು ನಿಮಗೆ ಅನಿಸಿದರೂ ಅಷ್ಟೆ. ಆದ್ದರಿಂದ ನಿದ್ದೆ ಬಂದ ಜಾಗಕ್ಕಲ್ಲ, ಅದಕ್ಕೂ ಹತ್ತು ನಿಮಿಷ ಹಿಂದಕ್ಕೆ ಹೋಗಿ. ಆ್ಯಪ್‌ನಲ್ಲಿ ಅರ್ಧಚಂದ್ರದ ಅಥವಾ ಗಡಿಯಾರದ ಗುರುತಿನ ಸ್ಲೀಪ್ ಟೈಮರ್ ಇರುತ್ತದೆ, 15 ನಿಮಿಷಕ್ಕೆ ಇಡಿ. ಇನ್ನೂ ಒಳ್ಳೆಯದೆಂದರೆ ಈ ಪುಸ್ತಕವನ್ನು ಹಗಲಿಗೆ ಇಟ್ಟುಕೊಂಡು ರಾತ್ರಿಗೆ ಗೊತ್ತಿರುವ ಕನ್ನಡ ಕಥೆ ಹಾಕಿಕೊಳ್ಳಿ. ಅವರೆಕಾಳು ಹಿದುಕುತ್ತಾ ಕೇಳುವುದು ತಪ್ಪಲ್ಲ, ಕೈಗೆ ಮಾತ್ರ ಕೆಲಸವಿರುವಾಗ ಕಿವಿ ಚುರುಕಾಗಿಯೇ ಇರುತ್ತದೆ. ಒಲೆಯ ಮುಂದೆ ಬೇಡ, ವಾಟ್ಸಾಪ್ ನೋಡುತ್ತಾ ಖಂಡಿತ ಬೇಡ.

ಮುಂದೇನು? ಮೊದಲು ಕಿವಿ ತೋರಿಸಿ. ಎಷ್ಟೋ ಸಲ ಕಾರಣ ಬರೀ ಗುಗ್ಗೆ ಆಗಿರುತ್ತದೆ. ನಿಮ್ಮ ವಯಸ್ಸಿನವರೇ ಒಬ್ಬರು ಎರಡು ವರ್ಷದಿಂದ ಟಿವಿಯ ವಾಲ್ಯೂಮ್ ಏರಿಸುತ್ತಾ ಬಂದಿದ್ದರು. ಕಿವಿ, ಮೂಗು, ಗಂಟಲಿನ ವೈದ್ಯರು ಹುಣಸೆಬೀಜದಷ್ಟು ಗಟ್ಟಿಯಾದ ಗುಗ್ಗೆ ತೆಗೆದಮೇಲೆ ನನ್ನ ಕೋಣೆಗೆ ಬಂದು ಮೊದಲು ಕೇಳಿದ್ದು, ‘ಈ ಗಡಿಯಾರ ಮೊದಲೂ ಟಿಕ್‌ಟಿಕ್ ಅನ್ನುತ್ತಿತ್ತಾ?’ ಎಂದು. ಹೇರ್‌ಪಿನ್, ಬೆಂಕಿಕಡ್ಡಿ, ಬಡ್ಸ್ ಹಾಕಿ ತೆಗೆಯಲು ಹೋಗಬೇಡಿ, ಬಿಸಿ ಎಣ್ಣೆ ಬಿಡಬೇಡಿ. ಗುಗ್ಗೆ ಒಳಕ್ಕೆ ಹೋಗುತ್ತದೆ, ತಮಟೆ ತೂತಾಗುವುದೂ ಉಂಟು. ಆಮೇಲೆ ಶ್ರವಣ ಪರೀಕ್ಷೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ತಿಪಟೂರಿನಿಂದ ಅಷ್ಟು ದೂರ ಬೇಡವೆಂದರೆ ತುಮಕೂರಿನಲ್ಲಿ ಮಾಡಿಸಬಹುದು. ಬರೀ ಬೀಪ್ ಸದ್ದಿನ ಪರೀಕ್ಷೆಯಷ್ಟೇ ಅಲ್ಲ, ಪದಗಳನ್ನು ಹೇಳಿಸಿ ನೋಡುವ ಪರೀಕ್ಷೆಯೂ ಬೇಕು ಎಂದು ಕೇಳಿ. ಪರೀಕ್ಷೆಗೆ ಮೊದಲೇ ಜಾಹೀರಾತು ನೋಡಿ ಶ್ರವಣಯಂತ್ರ ಕೊಳ್ಳಬೇಡಿ. ಬರೀ ಸದ್ದು ಹೆಚ್ಚಿಸುವ ಅಗ್ಗದ ಯಂತ್ರ ಕೇಳುವ ಸ್ವರವನ್ನೇ ಇನ್ನಷ್ಟು ಜೋರು ಮಾಡುತ್ತದೆ. ಶ್ರವಣಯಂತ್ರ ಬೇಕೆಂದಾದರೆ ನಿಮ್ಮ ಕಿವಿಯ ಅಳತೆಗೆ ಹೊಂದಿಸಿದ್ದನ್ನು ಮೊದಲು ಹಾಕಿ ನೋಡಿ, ಈ ಪುಸ್ತಕದ ಮೂರನೆಯ ಅಧ್ಯಾಯವನ್ನೇ ಅದರಲ್ಲಿ ಕೇಳಿ. ಮೊದಲ ಕೆಲವು ವಾರ ಪಾತ್ರೆ ಸದ್ದು, ಕಾಗದದ ಸರಸರ ಎಲ್ಲವೂ ಕಿರಿಕಿರಿ ಅನಿಸುತ್ತದೆ. ಬಹಳ ಜನ ಅಲ್ಲೇ ತೆಗೆದು ಡಬ್ಬಿಯಲ್ಲಿಡುತ್ತಾರೆ, ಅದೇ ನನ್ನ ದೊಡ್ಡ ಬೇಸರ. ಕಿವಿಯ ಕೊರತೆಯನ್ನು ನೋಡದೆ ಬಿಟ್ಟರೆ ಮುಂದೆ ಮರೆವಿನ ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆ ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2017ರಿಂದ ಹೇಳುತ್ತಾ ಬಂದಿದೆ. ಹೆದರಿಸಲು ಹೇಳುತ್ತಿಲ್ಲ. ನೀವು ಹೆದರಿದ ವಿಷಯಕ್ಕೇ ಇದು ನೀವು ಮಾಡಬಹುದಾದ ಒಂದು ಕೆಲಸ, ಅದಕ್ಕೆ ಹೇಳುತ್ತಿದ್ದೇನೆ.

ಒಂದೇ ಪ್ರಶ್ನೆಯನ್ನು ಒಂದೇ ಗಂಟೆಯಲ್ಲಿ ಮತ್ತೆ ಮತ್ತೆ ಕೇಳುವುದು, ದಿನಾ ಹೋಗುವ ದಾರಿ ತಪ್ಪುವುದು, ಹಾಲಿನ ಲೆಕ್ಕ ಹಾಕಲು ಬಾರದಿರುವುದು, ಇವು ನಿಮ್ಮಲ್ಲಿ ಮನೆಯವರ ಕಣ್ಣಿಗೆ ಬಿದ್ದರೆ ಮಾತ್ರ ನರರೋಗ ತಜ್ಞರನ್ನು ನೋಡಿ. ಡ್ರೆಬರ್ ಗ್ರೆವರ್ ಆದದ್ದಕ್ಕೆ ಬೇಡ.

ಕಿವಿಯ ಕೆಲಸ ಒಂದು ಕಡೆ ನಡೆಯುತ್ತಿರಲಿ, ಪುಸ್ತಕವನ್ನು ನಿಲ್ಲಿಸಬೇಕಿಲ್ಲ. ವೇಗವನ್ನು 0.9ಕ್ಕೆ ಇಳಿಸಿ, ಬೇಕಾದರೆ 0.85. ಅದಕ್ಕಿಂತ ಬಹಳ ಕೆಳಗೆ ಹೋದರೆ ದನಿ ಎಳೆದಂತಾಗಿ ವ್ಯಂಜನಗಳು ಇನ್ನಷ್ಟು ಕಲಸಿಹೋಗುತ್ತವೆ, ನಡುವಿನ ಮೌನ ಉದ್ದವಾಗಿ ಮನಸ್ಸು ಅಡುಗೆಮನೆಗೆ ಹೋಗುತ್ತದೆ. ಓದುವವರನ್ನು ಬದಲಿಸುವುದೂ ಒಂದು ದಾರಿ. ಡಾಯ್ಲ್ 1930ರಲ್ಲಿ ತೀರಿಕೊಂಡರು. ನಮ್ಮ ದೇಶದಲ್ಲಿ ಲೇಖಕರ ಮರಣಾನಂತರ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಹಾಗಾಗಿ ಲಿಬ್ರಿವಾಕ್ಸ್‌ನಂಥ ಜಾಲತಾಣಗಳಲ್ಲಿ ಸ್ವಯಂಸೇವಕರು ಓದಿದ ಆಡಿಯೋಗಳು ಪುಕ್ಕಟೆಯಾಗಿ, ನ್ಯಾಯವಾಗಿ ಸಿಗುತ್ತವೆ. ಧ್ವನಿಯ ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಆದರೆ ರಕಾರವನ್ನು ಪೂರ್ತಿ ಉಚ್ಚರಿಸುವ ಅಮೆರಿಕನ್ ಓದುಗರು ನಮ್ಮ ಕಡೆಯ ಕಿವಿಗೆ ಹಲವು ಸಲ ಸುಲಭವಾಗುತ್ತಾರೆ. ಐದು ನಿಮಿಷ ಕೇಳಿ ನೋಡಿ ಆರಿಸಿಕೊಳ್ಳಿ. ಕ್ರಿಸ್ಟಿಯವರ ಕೃತಿಗಳು ಮಾತ್ರ ನಮ್ಮಲ್ಲಿ 2036ರ ಕೊನೆಯವರೆಗೂ ಹಕ್ಕಿನಲ್ಲಿವೆ, ಎಲ್ಲೆಂದರಲ್ಲಿ ಸಿಕ್ಕಿದ ಪುಕ್ಕಟೆ ಪ್ರತಿ ನಂಬಬೇಡಿ. ಹಲವು ನಟರು ಸೇರಿ ಮಾಡಿದ ನಾಟಕರೂಪ ಸುಲಭವೆಂದು ಯಾರಾದರೂ ಹೇಳಬಹುದು. ಪಾತ್ರಗಳ ಗುರುತು ಸಿಗುತ್ತದೆ ನಿಜ, ಆದರೆ ಹಿನ್ನೆಲೆಯ ಸಂಗೀತ, ಕುದುರೆಗಾಡಿಯ ಸದ್ದು ನಿಮ್ಮಂಥ ಕಿವಿಗೆ ವ್ಯಂಜನಗಳನ್ನು ಮುಚ್ಚಿಬಿಡುತ್ತವೆ. ಕಥೆಯನ್ನೂ ಕತ್ತರಿಸಿರುತ್ತಾರೆ.

ನನಗೆ ಎಲ್ಲಕ್ಕಿಂತ ನಂಬಿಕೆಯಿರುವುದು ಕಣ್ಣು, ಕಿವಿ ಎರಡರ ಸಣ್ಣ ಒಪ್ಪಂದದಲ್ಲಿ. ಈ ಕಾದಂಬರಿಯ ಪಠ್ಯವೂ ಪುಕ್ಕಟೆಯಾಗಿ ಸಿಗುತ್ತದೆ. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಪ್ರತಿ ಅಧ್ಯಾಯದ ಮೊದಲ ಪುಟ ಮಾತ್ರ ಓದಿ, ಐದು ನಿಮಿಷ ಸಾಕು. ಉಳಿದದ್ದನ್ನು ಕಣ್ಣು ಮುಚ್ಚಿ ಕೇಳಿ. ಪೂರ್ತಿ ಪುಸ್ತಕವನ್ನು ಹೀಗೆ ಎರಡರಲ್ಲೂ ಮಾಡಲು ಹೋದರೆ ಕಣ್ಣು ದಣಿಯುತ್ತದೆ, ಇನ್ನೊಂದು ಆಪರೇಷನ್ ಬಾಕಿ ಇರುವಾಗ ಅದು ಬೇಡ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಏಳೇ ಹೆಸರು, ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ: ಹೋಮ್ಸ್, ವಾಟ್ಸನ್, ಪೊಲೀಸರು ಗ್ರೆಗ್ಸನ್, ಲೆಸ್ಟ್ರೇಡ್, ಗಸ್ತಿನ ಪೇದೆ ಜಾನ್ ರಾನ್ಸ್, ಸತ್ತವನು ಡ್ರೆಬರ್, ಅವನ ಕಾರ್ಯದರ್ಶಿ ಸ್ಟ್ಯಾಂಗರ್ಸನ್. ಕಣ್ಣಿಗೆ ಒಮ್ಮೆ ಪರಿಚಯವಾದ ಹೆಸರನ್ನು ಕಿವಿ ಅರ್ಧ ಕೇಳಿದರೂ ಗುರುತು ಹಿಡಿಯುತ್ತದೆ. ಕನ್ನಡ ಅನುವಾದವನ್ನೇ ಮೊದಲು ಓದಲೇ ಎಂದು ಕೇಳಬಹುದು. ಓದಿದರೆ ಕೇಳುವುದು ಬಹಳ ಸಲೀಸಾಗುತ್ತದೆ. ಆದರೆ ಕೊಲೆಗಾರ ಯಾರೆಂಬ ಕುತೂಹಲ ಅಲ್ಲೇ ಖರ್ಚಾಗಿಹೋಗುತ್ತದೆ. ಏಳನೆಯ ಅಧ್ಯಾಯದವರೆಗೆ ನೀವು ಈಗಾಗಲೇ ಬಂದಾಗಿದೆಯಾದ್ದರಿಂದ ಆ ನಷ್ಟವೂ ದೊಡ್ಡದಲ್ಲ.

ಆದ್ದರಿಂದ ಬಿಡಬೇಡಿ, ಮೊದಲಿನಿಂದಲೂ ಶುರು ಮಾಡಬೇಡಿ. ಮೂರನೆಯ ಟ್ರ್ಯಾಕ್‌ನಿಂದ ಹಿಡಿಯಿರಿ, ಬ್ರಿಕ್ಸ್‌ಟನ್ ರಸ್ತೆಯ ಬಳಿಯ ಆ ಖಾಲಿ ಮನೆಯಿಂದ, ದಿನಕ್ಕೆ 25 ನಿಮಿಷ. ಹಿಂದಕ್ಕೆ ಹೋಗುವ ಗುಂಡಿಯನ್ನು ಒತ್ತಲು ಸಂಕೋಚ ಬೇಡ, ಮೇಲಿನ ಸಾಲಿಗೆ ಕಣ್ಣು ಹಾಯಿಸುವುದು ಎಷ್ಟು ಸಹಜವೋ ಅದೂ ಅಷ್ಟೇ. ಎಂಟನೆಯ ಟ್ರ್ಯಾಕ್‌ಗೆ ಬಂದಾಗ ಒಂದು ದಿನ ಬಿಡುವು ಕೊಟ್ಟು ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆಯಿರಿ. ಶ್ರವಣ ಪರೀಕ್ಷೆಯ ಹಾಳೆ ಕೈಗೆ ಬಂದಮೇಲೆ ಅದರ ಫೋಟೋ ನನಗೆ ಕಳಿಸಿ. ಕೆಂಪು ಸೊನ್ನೆಗಳ ಗೆರೆ ಬಲಗಿವಿಯದು, ನೀಲಿ ಇಂಟು ಗುರುತಿನದು ಎಡಗಿವಿಯದು. 2000 ಹರ್ಟ್ಸ್ ಗುರುತಿನಿಂದ ಬಲಕ್ಕೆ ಅವು ಎಷ್ಟು ಇಳಿದಿವೆ ಎಂದು ನೋಡಿ, ಯಂತ್ರದ ಮಾತು ಈಗ ಬೇಕೋ ಬೇಡವೋ ಬರೆಯುತ್ತೇನೆ.